ಅಕ್ಕನ ಮಂಚದ ಪಕ್ಕದ ಸ್ವಿಚ್ಚು

ಬಂಗಾರಪೇಟೆಯಲ್ಲಿ ಬರೀ ಬೈರಪ್ಪ ಅಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸಿಗ್ನಲ್ ಬೈರಪ್ಪ ಅನ್ನಬೇಕು. ಆಗ ಸ್ಟೇಷನ್ ಎದುರಿನ ಟೀ ಅಂಗಡಿಯವನಿಂದ ಹಿಡಿದು ಆಟೋದವರ ತನಕ ಎಲ್ಲರೂ ಅವನ ಗಲ್ಲಿಯ ಕಡೆ ಕೈ ತೋರಿಸುತ್ತಾರೆ. ಮೂವತ್ತೈದು ವರ್ಷ ರೈಲ್ವೆಯ ಸಿಗ್ನಲ್ ರಿಪೇರಿ ಮಾಡಿದ ಮನುಷ್ಯ. ಖಲಾಸಿಯಾಗಿ ಸೇರಿ, ಕಂಬ ಹತ್ತಿ, ತಂತಿ ಎಳೆದು, ಕಡೆಗೆ ರಿಲೇ ರೂಮಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಮಟ್ಟಕ್ಕೆ ಬಂದಿದ್ದ. ರಿಟೈರ್ ಆಗಿ ಮೂರು ವರ್ಷವಾಯಿತು. ಮದುವೆ ಆಗಲಿಲ್ಲ. ಯಾಕಪ್ಪ ಅಂದರೆ, "ಎಣ್ಣು ನೋಡಾಕ್ ಓಗೋ ದಿನಾನೇ ಎಲ್ಲಾದ್ರೂ ಒಂದ್ ಸಿಗ್ನಲ್ ಕೆಟ್ಟೋಗ್ತಿತ್ತು" ಅನ್ನುತ್ತಿದ್ದ. ಸುಳ್ಳು. ತನ್ನನ್ನು ಬೇಡವೆಂದ ಒಂದು ಹುಡುಗಿಯ ಮೇಲೆ ಮುನಿಸಿಕೊಂಡು ಕೂತ, ಆ ಮುನಿಸು ಇಳಿಯುವ ಹೊತ್ತಿಗೆ ತಲೆ ನರೆತಿತ್ತು.

ಅವನಿಗೆ ನನ್ನವರು ಅಂತ ಇದ್ದದ್ದು ಅಕ್ಕ ಚೌಡಮ್ಮ ಒಬ್ಬಳೇ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನೈದು. ಚಿನ್ನದ ಗಣಿ ಕೆಲಸದವನನ್ನು ಮದುವೆಯಾಗಿ ಕೋರಮಂಡಲ್‌ನ ಗಣಿ ಸಾಲು ಮನೆಗೆ ಹೋಗುವಾಗ ಒಂದು ಟ್ರಂಕು, ಒಬ್ಬ ತಮ್ಮ, ಎರಡನ್ನೂ ಜೊತೆಗೆ ಕರೆದುಕೊಂಡೇ ಹೋದಳು. ಸಾಕಿದಳು, ಹೊಡೆದಳು, ಓದಿಸಿದಳು. ಅವಳ ಬೈಗುಳ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಏರಿ, ತಮಿಳಿನಲ್ಲಿ ಮುಗಿಯುತ್ತಿತ್ತು. ಗಂಡ ಸತ್ತು, ಗಣಿ ಮುಚ್ಚಿ, ಅಕ್ಕಪಕ್ಕದವರು ಎಲ್ಲೆಲ್ಲಿಗೋ ಚದುರಿಹೋದರೂ ಚೌಡಮ್ಮ ಅದೇ ಸಾಲು ಮನೆಯಲ್ಲಿ ಮಗ ಶಶಿಧರ್, ಸೊಸೆ ಕವಿತ ಜೊತೆ ಉಳಿದುಕೊಂಡಳು.

ದಿನಾ ಸಂಜೆ ಆರೂವರೆಗೆ ಬೈರಪ್ಪನಿಗೆ ಅವಳ ಫೋನು ಬರಬೇಕು.

"ಸಾರೇನ್ ಮಾಡ್ದೆಲಾ?"

"ಇನ್ನೂ ಮಾಡಿಲ್ಲ ಕಣಕ್ಕ."

ಅಷ್ಟು ಸಾಕು. ಆಮೇಲೆ ಐದು ನಿಮಿಷ ಅವಳೇ. ಬೈರಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಹೂಂಗುಟ್ಟುತ್ತಿದ್ದ. ಇಡೀ ದಿನದಲ್ಲಿ ಅವನ ಹೆಸರು ಹಿಡಿದು ಕರೆಯುವ ದನಿ ಅದೊಂದೇ.

ಹೋದ ದೀಪಾವಳಿ ಕಳೆದ ಮೇಲೆ ಚೌಡಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಏನು ಹೇಳಹೊರಟರೂ "ಆ... ಆ..." ಅನ್ನುವುದಷ್ಟೇ ಉಳಿಯಿತು. ಬೈರಪ್ಪ ಎರಡು ಸಲ ನೋಡಲು ಹೋದ. ಎರಡನೆಯ ಸಲ ಅವಳು ಅವನನ್ನು ಕಂಡು ಬೈಯಲು ಬಾಯಿ ತೆರೆದಳು. ಬಾಯಿ ಸೊಟ್ಟಗಾಗಿ ಜೊಲ್ಲು ಸುರಿಯಿತು. ಅವನಿಗೆ ತಡೆಯಲಾಗಲಿಲ್ಲ. ಗಲ್ಲಿಗೆ ಬಂದು ಗೋಡೆಗೆ ಮುಖ ಮಾಡಿ ನಿಂತವನು, ರೈಲಿನ ಹೊತ್ತಾಗುವ ತನಕ ಒಳಗೆ ಹೋಗಲಿಲ್ಲ. ಆಮೇಲೆ ಮೊಣಕಾಲು ನೋವು ಅಂದ, ಕೋರಮಂಡಲ್ ಕಡೆ ಹೋಗುವ ಮರಿಕುಪ್ಪಂ ಗಾಡಿಯಲ್ಲಿ ಜನ ಜಾಸ್ತಿ ಅಂದ. ಒಂದು ಗಂಟೆಯೂ ಹಿಡಿಯದ ದಾರಿಗೆ ನೂರೆಂಟು ನೆವ.

ಹೋಗಲಿಲ್ಲ ಅಂದಮಾತ್ರಕ್ಕೆ ಆರೂವರೆ ಆಗುವುದು ನಿಲ್ಲುತ್ತದೆಯೇ? ದಿನಾ ಆಗುತ್ತಿತ್ತು. ಬೈರಪ್ಪ ಫೋನು ಎದುರಿಗಿಟ್ಟುಕೊಂಡು ಕೂರುತ್ತಿದ್ದ. ಏಳಾಗುತ್ತಿತ್ತು. ಎದ್ದು ಅಕ್ಕಿ ತೊಳೆಯುತ್ತಿದ್ದ. ಎಷ್ಟೋ ದಿನ ತನ್ನ ದನಿಯನ್ನು ತಾನೇ ಕೇಳದೆ ಮಲಗುತ್ತಿದ್ದ.

ಹೀಗಿರುವಾಗ ಒಂದು ದಿನ ಕವಿತಳ ಫೋನು ಬಂತು.

"ಮಾವ, ಒಂದ್ ಕೆಲ್ಸ ಆಗ್ಬೇಕಿತ್ತು. ನಾನು ಆಂಡರ್ಸನ್‌ಪೇಟೆ ಟೈಲರ್ ಅಂಗಡಿಯಿಂದ ಬರೋದ್ರಾಗೆ ಏಳೂವರೆ ಆಯ್ತದೆ. ಇವ್ರದು ಸೆಕೆಂಡ್ ಶಿಫ್ಟು. ಅತ್ತೆ ಕತ್ಲಾಗೇ ಕುಂತಿರ್ತಾರೆ. ಸ್ವಿಚ್ಚು ಬಾಗಿಲತ್ರ ಐತೆ. ಮಂಚದ ಪಕ್ಕಕ್ಕೊಂದು ಆಕ್ಕೊಡ್ತೀರಾ?"

ಬೈರಪ್ಪನಿಗೆ ಜೀವ ಬಂದಂತಾಯಿತು. ಮೂರು ಸ್ಮಾರ್ಟ್ ರಿಲೇ ತರಿಸಿದ. ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿಗಳು. ಸ್ವಿಚ್ ಬೋರ್ಡಿನ ಹಿಂದೆ ಕೂರಿಸಿ, ಮನೆಯ ವೈಫೈಗೆ ಸೇರಿಸಿದರೆ, ಯಾವ ಗೋಡೆಯ ಸ್ವಿಚ್ಚು ಯಾವ ದೀಪದ ಮಾತು ಕೇಳಬೇಕು ಅಂತ ಫೋನಿನಲ್ಲೇ ಗೊತ್ತುಮಾಡಬಹುದು. ಗೋಡೆ ಒಡೆದು ಹೊಸ ತಂತಿ ಎಳೆಯುವ ಗೋಜಿಲ್ಲ. ರಿಲೇ ರೂಮಿನಲ್ಲಿ ಗೋಡೆಯುದ್ದ ಕಪಾಟಿನಲ್ಲಿ ಟಕಟಕ ಅನ್ನುತ್ತಿದ್ದ ವಸ್ತು ಈಗ ಅಂಗೈಯಲ್ಲಿ ಕೂತಿದೆಯಲ್ಲ ಅಂತ ಅವನು ಎರಡು ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

ಕೋರಮಂಡಲ್‌ಗೆ ಹೋಗಿ ಇಡೀ ದಿನ ಕೆಲಸ ಮಾಡಿದ. ಹಳೆಯ ಬೋರ್ಡಿಗೆ ನ್ಯೂಟ್ರಲ್ ತಂತಿ ಇರಲಿಲ್ಲ, ಪಕ್ಕದ ಪ್ಲಗ್ಗಿನಿಂದ ಎಳೆದುಕೊಟ್ಟ. ಬಾಗಿಲ ಹತ್ತಿರ ಒಂದು, ಅಡುಗೆ ಮನೆಯ ಹತ್ತಿರ ಒಂದು, ಮಂಚದ ಪಕ್ಕ ಚೌಡಮ್ಮನ ಎಡಗೈಗೆ ಎಟಕುವಂತೆ ಒಂದು, ಹೀಗೆ ಮೂರು ಸ್ವಿಚ್ಚು, ಒಂದೇ ದೀಪ. ಕೆಲಸವಿದ್ದರೆ ಅವನಿಗೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಅಕ್ಕನಿಗೆ ಬೆನ್ನು ಮಾಡಿಯೇ ಸಂಜೆ ಮಾಡಿದ. ಕಡೆಗೆ ಅವಳ ಎಡಗೈ ಬೆರಳು ಹಿಡಿದು ಸ್ವಿಚ್ಚಿನ ಮೇಲಿಟ್ಟು ಮೂರು ಸಲ ಒತ್ತಿಸಿದ.

"ಇದನ್ನ ಒತ್ತಕ್ಕ. ಒತ್ತಿದ್ರೆ ನಂಗೆ ಗೊತ್ತಾಯ್ತದೆ."

ಅವಳು ಅವನ ಮುಖವನ್ನೇ ನೋಡಿದಳು. ಅವನು ಸ್ಕ್ರೂಡ್ರೈವರ್ ಹುಡುಕಿದ.

ಕವಿತ ಕೇಳಿದ್ದು ಇಷ್ಟೇ. ಆದರೆ ಬೈರಪ್ಪ ಯಾರಿಗೂ ಹೇಳದೆ ನಾಲ್ಕನೆಯದೊಂದು ರಿಲೇ ತರಿಸಿ, ತನ್ನ ಹಜಾರದ ಬೋರ್ಡಿಗೆ ಕೂರಿಸಿ, ಇನ್ನೊಂದು ಏರ್ಪಾಡು ಮಾಡಿದ್ದ. ರೈಲ್ವೆಯಲ್ಲಿ ಲೈನ್ ಕ್ಲಿಯರ್ ಅಂತ ಒಂದಿದೆ. ಈ ಸ್ಟೇಷನ್ನಿನವರು ಗಾಡಿ ಬಿಡಲೇ ಅಂತ ಕೇಳಬೇಕು, ಆ ಸ್ಟೇಷನ್ನಿನವರು ಬಿಡಿ ಅನ್ನಬೇಕು. ಎರಡೂ ಕಡೆ ಒಪ್ಪಿದ ಮೇಲೆಯೇ ಸಿಗ್ನಲ್ಲು. ಬೈರಪ್ಪ ಮಂಚದ ಪಕ್ಕದ ಸ್ವಿಚ್ಚಿಗೂ ಅದನ್ನೇ ಹೂಡಿದ್ದ. ಬಾಗಿಲಿನ, ಅಡುಗೆ ಮನೆಯ ಸ್ವಿಚ್ಚುಗಳು ಒತ್ತಿದ ಕೂಡಲೇ ದೀಪ ಹಚ್ಚುತ್ತಿದ್ದವು. ಅಕ್ಕನ ಸ್ವಿಚ್ಚು ಮಾತ್ರ ಮೊದಲು ಬಂಗಾರಪೇಟೆಯಲ್ಲಿ ಅವನ ಹಜಾರದ ದೀಪ ಹಚ್ಚುತ್ತಿತ್ತು. ಅವನು ಎದ್ದುಹೋಗಿ ತನ್ನ ಗೋಡೆಯ ಸ್ವಿಚ್ಚು ಒತ್ತಿದರೆ ಆಗ ಅವಳ ಕೋಣೆಯಲ್ಲಿ ಬೆಳಕು.

ಮೊದಲ ಸಂಜೆ ಆರೂವರೆಗೆ ಬೈರಪ್ಪನ ಹಜಾರದ ದೀಪ ತಾನಾಗಿ ಹೊತ್ತಿಕೊಂಡಿತು. ಓಡಿಹೋಗಿ ಒತ್ತಿದ. ಫೋನಿನಲ್ಲಿ ನೋಡಿದ, ಕೋರಮಂಡಲ್ ದೀಪ ಉರಿಯುತ್ತಿದೆ ಅಂತಿತ್ತು. ಒಬ್ಬನೇ ನಿಂತು ಅತ್ತ. ಮಾತು ಹೋದರೇನು, ಅಕ್ಕ ಕರೆದಳಲ್ಲ. ಅವತ್ತಿನಿಂದ ನಾಲ್ಕು ತಿಂಗಳು, ಆರು ಗಂಟೆಗೆಲ್ಲ ಕುರ್ಚಿಯನ್ನು ಸ್ವಿಚ್ಚಿನ ಕೆಳಗೆ ಎಳೆದುಕೊಂಡು ಕೂರುತ್ತಿದ್ದ. ಪೇಟೆಯಲ್ಲಿ ಏನೇ ಕೆಲಸವಿರಲಿ, ಐದೂವರೆಗೆ ಮನೆ ಸೇರಲೇಬೇಕು. ಒಂದು ದಿನವೂ ತಪ್ಪಲಿಲ್ಲ ಅನ್ನುವ ಹೆಮ್ಮೆ ಬೇರೆ. ಮಾಡಿದ ಸಾರಿನ ಹೆಸರನ್ನು ಬಲ್ಬಿಗೆ ಹೇಳುತ್ತಿದ್ದ ಅಂದರೆ ನಗಬೇಡಿ.

ಆಷಾಢದ ಒಂದು ಸಂಜೆ ಆರು ಗಂಟೆಗೆ ಟ್ರಾನ್ಸ್‌ಫಾರ್ಮರ್ ಕೆಟ್ಟು ಅವನ ಗಲ್ಲಿಯಲ್ಲಿ ಕರೆಂಟು ಹೋಯಿತು. ಒಳಗೆ ಸೆಕೆ ಅಂತ ಜನರೆಲ್ಲ ಹೊರಗೆ ಬಂದು ಕೂತರು. ಎದುರುಮನೆಯ ಪೆರುಮಾಳ್ ಎಂದೂ ಇಲ್ಲದ್ದು ಅವನನ್ನೂ ಕರೆದು ಕೂರಿಸಿಕೊಂಡು ಮಾತಿಗೆ ಎಳೆದ. ಕೇಳುವವರು ಸಿಕ್ಕಿದರೆ ಬೈರಪ್ಪ ಬಿಡುತ್ತಾನೆಯೇ. ರಿಲೇ, ಮೂರು ಸ್ವಿಚ್ಚು, ಲೈನ್ ಕ್ಲಿಯರ್, ಎಲ್ಲ ವಿವರವಾಗಿ ಹೇಳಿದ. ಎಲ್ಲಿ ಏನು ಕೆಟ್ಟರೂ ಸಿಗ್ನಲ್ ಕೆಂಪಾಗಿ ಗಾಡಿ ನಿಲ್ಲಬೇಕು, ಅದೇ ನಮ್ಮ ಕೆಲಸದ ಮರ್ಮ ಅಂತಲೂ ಹೇಳಿದ. ಪೆರುಮಾಳ್ ತಲೆದೂಗಿ ಕೇಳಿ, ಬೀಡಿ ಹಚ್ಚಿಕೊಂಡು ಒಂದೇ ಮಾತು ಕೇಳಿದ.

"ಅಲ್ಲಪ್ಪ, ಈಗ ನಿಮ್ಮನೇಲೇ ಕರೆಂಟಿಲ್ವಲ್ಲ. ಆಯಮ್ಮಂಗೆ ಬುಡಿ ಅನ್ನೋರು ಯಾರು?"

ಬೈರಪ್ಪ ಫೋನು ತೆಗೆದು ನೋಡಿದ. ಗಂಟೆ ಏಳಾಗಿತ್ತು. ಕೋರಮಂಡಲ್‌ನಲ್ಲಿ ಕರೆಂಟು ಇತ್ತು, ಬಲ್ಬು ಇತ್ತು, ಸ್ವಿಚ್ಚಿನ ಮೇಲೆ ಬೆರಳೂ ಇತ್ತು. ದೀಪ ಮಾತ್ರ ಇವನ ಅಪ್ಪಣೆಗೆ ಕಾದು ಕತ್ತಲಲ್ಲಿತ್ತು. ಗಾಡಿ ನಿಂತರೆ ಒಳಗಿನ ಜನ ಬದುಕಿಕೊಳ್ಳುತ್ತಾರೆ ನಿಜ, ಆದರೆ ಕತ್ತಲಲ್ಲಿ ಕೂತ ಮುದುಕಿಗೆ ಅದರಿಂದ ಆಗಬೇಕಾದ್ದೇನು? ಫೋನಿನಲ್ಲೇ ದೀಪ ಹಚ್ಚಲು ಎರಡು ಸಲ ಒತ್ತಿದ. ಕರೆಂಟಿನ ಜೊತೆ ಟವರೂ ಹೋಗಿದ್ದು ಆಗ ಕಂಡಿತು. ಸ್ಟೇಷನ್ನಿನ ತನಕ ಕುಂಟುತ್ತಾ ಓಡಿ ಟವರ್ ಸಿಕ್ಕ ಮೇಲೆ ಕವಿತಳಿಗೆ ಫೋನು ಮಾಡಿದ. ಮೂರನೆಯ ಸಲಕ್ಕೆ ಎತ್ತಿದಳು. ಅಷ್ಟರಲ್ಲಿ ಮನೆ ಸೇರಿದ್ದಳು.

"ಅತ್ತೆ ಮೈ ಅರ್ಧ ಮಂಚದಿಂದ ಕೆಳಕ್ಕೆ ಜಾರೈತೆ ಮಾವ. ಬೆರಳು ಕೆಂಪಗಾಗೋಗೈತೆ. ಒತ್ತೀ ಒತ್ತೀ..." ಅಂದಳು. ಅವನು ಇದ್ದದ್ದನ್ನು ಇದ್ದಂತೆ ಹೇಳಿದ. "ಆಯಮ್ಮನ ದೀಪಕ್ಕೆ ನಿಮ್ ಅಪ್ಣೆ ಯಾಕ್ ಬೇಕಿತ್ತು ಮಾವ?" ಅಂತ ಕೇಳಿದಳು. ಅವನಿಗೆ ಉತ್ತರ ಗೊತ್ತಿತ್ತು. ನನಗೆ ಬೇಕಿತ್ತು ಅನ್ನುವ ಬದಲು, ಈಗಲೇ ಫೋನಿನಲ್ಲಿ ಬದಲಾಯಿಸಿಬಿಡುತ್ತೇನೆ, ಎರಡು ನಿಮಿಷದ ಕೆಲಸ ಅಂದ.

"ಫೋನಾಗೆ ಬೇಡ. ಬಂದು ಮಾಡಿ."

ಮಾರನೆಯ ದಿನ ಮಧ್ಯಾಹ್ನದ ಗಾಡಿಗೆ ಹೋದ. ಕವಿತ ಅಂಗಡಿಗೆ ರಜೆ ಹಾಕಿದ್ದಳು. ಚೌಡಮ್ಮ ದಿಂಬಿಗೆ ಒರಗಿ ನಿದ್ದೆ ಮಾಡುತ್ತಿದ್ದಳು, ಬೆರಳಿಗೆ ಎಣ್ಣೆ ಸವರಿತ್ತು. ಬೈರಪ್ಪ ಒಪ್ಪಿಗೆಯ ಏರ್ಪಾಡನ್ನೆಲ್ಲ ಕಿತ್ತುಹಾಕಿದ. ಇನ್ನು ಮಂಚದ ಸ್ವಿಚ್ಚು ಒತ್ತಿದರೆ ದೀಪ ನೇರವಾಗಿ ಹೊತ್ತಬೇಕು. ಇಂಟರ್ನೆಟ್ ಇರಲಿ ಬಿಡಲಿ, ಬಂಗಾರಪೇಟೆ ಇರಲಿ ಬಿಡಲಿ. ತನ್ನ ಮನೆಯ ದೀಪಕ್ಕಿದ್ದ ಕೊಂಡಿಯನ್ನೂ ಅಳಿಸಿದ. ಅಳಿಸಲೇ ಅಂತ ಫೋನು ಎರಡು ಸಲ ಕೇಳಿತು. ಎರಡು ಸಲವೂ ಹೂಂ ಅಂದ. ಇನ್ನು ಆರೂವರೆಗೆ ತನ್ನ ಮನೆಯಲ್ಲಿ ಏನೂ ಆಗುವುದಿಲ್ಲ ಅನ್ನುವುದು ಆಗ ಅವನಿಗೆ ಹೊಳೆಯಿತು.

ಚಹಾ ಕೊಟ್ಟು ಕವಿತ ಹೊಸ್ತಿಲ ಮೇಲೆ ಕೂತಳು.

"ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಭಾನ್ವಾರ ನಾನು ಮನೇಲೇ ಇರ್ತೀನಲ್ಲ, ನಾನೇ ಲೈಟ್ ಆಕಿರ್ತೀನಿ. ಆದ್ರೂ ಆರೂವರೆಗೆ ಅತ್ತೆ ಒತ್ತುತಾರೆ."

"ಉರಿಯೋ ದೀಪಕ್ಕಾ?"

"ಊಂ. ಒತ್ತಿ, ಕೈ ಸ್ವಿಚ್ಚಿನ ಮೇಲಿಂದ ತೆಗಿಯಲ್ಲ. ಬಾಗಿಲ ಕಡೆ ತಿರುಗಿ ನೋಡ್ತಾ ಕುಂತಿರ್ತಾರೆ. ಒತ್ತಿದ್ರೆ ನೀವ್ ಬತ್ತೀರ ಅಂದ್ಕೊಂಡವ್ರೆ ಮಾವ."

ಬೈರಪ್ಪ ಲೋಟ ಕೆಳಗಿಟ್ಟ. ನಾಲ್ಕು ತಿಂಗಳು ದೀಪದಲ್ಲೇ ಅಕ್ಕನ ಜೊತೆ ಮಾತಾಡಿದೆ ಅಂದುಕೊಂಡಿದ್ದ. ಆ ನಾಲ್ಕು ತಿಂಗಳು ಅವಳು ಬಾಗಿಲು ನೋಡಿದ್ದಳು.

ವಾಪಸ್ ಹೋಗುವ ರೈಲನ್ನು ಬಿಟ್ಟುಕೊಟ್ಟು ಅಲ್ಲೇ ಕೂತ. ಚೌಡಮ್ಮನಿಗೆ ಎಚ್ಚರವಾಯಿತು. ಅವನು ಮಂಚದ ಬಲಗಡೆಗೆ ಸ್ಟೂಲು ಎಳೆದುಕೊಂಡು, ಸತ್ತಂತೆ ಬಿದ್ದಿದ್ದ ಅವಳ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. "ಅಕ್ಕ" ಅಂದ. ಅವಳು ತಿರುಗಲಿಲ್ಲ. ಇನ್ನೊಂದು ಸಲ ಕರೆದ. ಅವಳು ಎಡಗಡೆ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು.

"ಆ ಕಡೆ ಕುಂತ್ರೆ ಕಾಣಲ್ಲ ಮಾವ," ಅಂದಳು ಕವಿತ ಮೆಲ್ಲಗೆ. "ಬಲಗಡೆ ಏನಿದ್ರೂ ಅವ್ರಿಗೆ ಇಲ್ದಂಗೇನೆ. ತಟ್ಟೇಲೂ ಬಲಗಡೆ ಅನ್ನ ಅಂಗೇ ಬುಟ್ಬುಡ್ತಾರೆ."

ಆರೂವರೆಯಾಯಿತು. ಚೌಡಮ್ಮನ ಎಡಗೈ ಗೋಡೆ ತಡವಿ ಸ್ವಿಚ್ಚು ಸೇರಿತು. ಒತ್ತಿದಳು. ಯಾರ ಅಪ್ಪಣೆಗೂ ಕಾಯದೆ ದೀಪ ಹೊತ್ತಿಕೊಂಡಿತು. ಅವಳು ದೀಪದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕುತ್ತಿಗೆ ತಿರುಗಿಸಿ ಎಡಗಡೆಯ ಮುಂಬಾಗಿಲನ್ನೇ ನೋಡಿದಳು. ಅವಳ ಬಲಗೈ ಇನ್ನೂ ತಮ್ಮನ ಕೈಯಲ್ಲೇ ಇತ್ತು.

ಬೈರಪ್ಪ ಆ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಎದ್ದ. ಅಡುಗೆ ಮನೆ ದಾಟಿ ಹಿತ್ತಲ ಬಾಗಿಲಿಂದ ಹೊರಬಿದ್ದ. ಸಾಲು ಮನೆಗಳ ಹಿಂದೆ ಗಲ್ಲಿ ಉದ್ದಕ್ಕಿತ್ತು, ಕೊನೆಯ ಮನೆಯ ತನಕ ಹೋಗಿ ಸುತ್ತಿಕೊಂಡೇ ಬರಬೇಕು. ಬರಿಗಾಲಲ್ಲಿ, ಕೆಟ್ಟ ಮೊಣಕಾಲನ್ನು ಎಳೆದುಕೊಂಡು ಓಡಿದ. ತಾನು ಸೇರುವುದರೊಳಗೆ ಅಕ್ಕ ಸಾಕಾಗಿ ಮುಖ ತಿರುಗಿಸಿಬಿಟ್ಟರೆ ಅಂತ ಅವನಿಗೆ ಭಯವಾಗಿತ್ತು. ಮುಂಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತ. ಉಸಿರು ಸಿಗುತ್ತಿರಲಿಲ್ಲ.

"ಬಂದೆ ಕಣಕ್ಕ," ಅಂದ.

ಚೌಡಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಸ್ವಿಚ್ಚಿನ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.