ಬಲಗಡೆಯ ಗಾಲಿಯ ನಟ್ಟು

ಕಾಂಟೆಸಾ ಎಂದರೆ ನಮ್ಮ ಅಣ್ಣನಿಗೆ ಜೀವ. ಉದ್ದ ಮೂತಿ, ಅಗಲ ಮೈಯ ಆ ಹಳೆಯ ಕಾರು ಕೊಲ್ಹಾಪುರದ ನಮ್ಮ ಗ್ಯಾರೇಜಿಗೆ ಬಂದರೆ ಊಟ ಮರೆಯುತ್ತಿದ್ದ. ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ ಅಪ್ಪ, "ಇಬ್ಬರಿಗೂ ಕಬ್ಬಿಣದ ಹುಚ್ಚ ಹಿಡದೈತಿ" ಎಂದು ಬೈಯುತ್ತಲೇ ನಮ್ಮನ್ನು ಕಳಿಸಿದ್ದ.

ಆ ವರ್ಷ ಶಿರೋಳಿಯ ಫೌಂಡ್ರಿ ಮಾಲಕರೊಬ್ಬರ ಕಾಂಟೆಸಾದ ಹಿಂದಿನ ಆಕ್ಸಲ್ ಮುರಿದಿತ್ತು. ಹೊಸದು ಎಲ್ಲಿ ಸಿಗಬೇಕು? ಗಡಹಿಂಗ್ಲಜದ ಗುಜರಿಯಲ್ಲಿ ಅದೇ ಜಾತಿಯ ಕಾರೊಂದು ಬಿದ್ದಿತ್ತು. ಅದರ ಆಕ್ಸಲ್, ಬ್ರೇಕ್ ಡ್ರಮ್ಮು ಎಲ್ಲ ಬಿಚ್ಚಿ ತಂದು ಇದಕ್ಕೆ ಕೂಡಿಸಿದೆವು. ಆಯುಧಪೂಜೆಯ ದಿನ, ಖಂಡೇನವಮಿಯ ಮಧ್ಯಾಹ್ನ ಗಾಡಿ ನಾಲ್ಕೂ ಗಾಲಿಯ ಮೇಲೆ ನಿಂತಿತು. ಆಕ್ಸಲ್ ತುದಿಯಲ್ಲಿ ಗಾಲಿಗಳನ್ನು ಹಿಡಿದಿಡುವ ಎರಡು ದೊಡ್ಡ ನಟ್ಟುಗಳನ್ನು, ಪಾನಾ ಎಂಬ ಸ್ಪ್ಯಾನರಿಗೆ ಪೈಪು ಹಾಕಿ ಮೈಭಾರ ಬಿಟ್ಟು ಬಿಗಿಯುವುದಷ್ಟೇ ಉಳಿದಿತ್ತು. ಅದು ನನ್ನ ಪಾಲಿನ ಕೆಲಸ. ಎಡಗಡೆಯದು ಬಿಗಿದೆ. ಅಷ್ಟರಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಆರತಿ ತಟ್ಟೆ ಹಿಡಿದು ಬಂದಳು.

"ಸಾಕ್ರೀ ಇನ್ನ, ಪಾನಾ ಕೊಡ್ರಿ. ಪೂಜಾಕ್ಕ ಹೊತ್ತಾತು."

ಕೊಟ್ಟೆ. ಬಲಗಡೆಯದನ್ನು ಬರಿಗೈಯಿಂದ ತಿರುಗಿಸಿ ಬಿಟ್ಟೆ. ಪೂಜೆಗಿಟ್ಟ ಹತಾರವನ್ನು ಮರುದಿನ ದಸರೆಯವರೆಗೆ ಎತ್ತುವಂತಿಲ್ಲ. ನಾಳೆ ಬಿಗಿದರಾಯಿತು, ಗಾಡಿ ಎಲ್ಲಿ ಓಡಿಹೋಗುತ್ತದೆ ಅಂದುಕೊಂಡೆ.

ಸಂಜೆ ಮಾಲಕರ ಫೋನು ಬಂತು. ಗಾಡಿಗೂ ಇವತ್ತೇ ಪೂಜೆಯಾಗಬೇಕಂತೆ, ಕಾರ್ಖಾನೆಗೆ ತರಬೇಕಂತೆ. ಅಣ್ಣ ಕೀಲಿ ಎತ್ತಿಕೊಂಡ.

"ಎರಡೂ ಕಡೆ ಬಿಗದಿ ಹೌದಿಲ್ಲೋ?"

ನಿಜ ಹೇಳಿದ್ದರೆ ಪೂಜೆಯಿಂದ ಪಾನಾ ಎತ್ತಬೇಕು. ವೈನಿ ವರ್ಷವಿಡೀ ಅಂದಾಡುತ್ತಾಳೆ. ಅಣ್ಣ ಎಲ್ಲರ ಮುಂದೆ "ಮಂಗ್ಯಾನ ಮಗನ, ಅರ್ಧಾ ಕೆಲಸ ಬಿಟ್ಟಿ?" ಎಂದು ಜಾಡಿಸುತ್ತಾನೆ. ಶಿರೋಳಿ ಏನು ಕಾಶಿಯೇ, ಇಲ್ಲೇ ಹತ್ತಿರ.

"ಬಿಗದೇನಿ, ಹೋಗಿ ಬಾ ಅಣ್ಣಾ" ಎಂದೆ. ಥೂ ನನ್ನ ನಾಲಿಗೆಗೆ!

ಹೆದ್ದಾರಿಯಲ್ಲಿ ನಟ್ಟು ಕಳಚಿ, ಗಾಲಿ ಡ್ರಮ್ಮಿನ ಸಮೇತ ಹೊರಬಂತು. ಗಾಡಿ ಬಲಕ್ಕೆ ಉರುಳಿತು. ಅಣ್ಣ ಯಾವಾಗಲೂ ಕಿಟಕಿಯ ಮೇಲೆ ಮೊಣಕೈ ಊರಿ ಓಡಿಸುವವನು. ಡಾಕ್ಟರರು ಅವನ ಬಲಗೈಯನ್ನು ಮೊಣಕೈಯವರೆಗೆ ತೆಗೆದರು.

ಮಾಲಕರು ಆಸ್ಪತ್ರೆಗೆ ಬಂದು, ಆಕ್ಸಲ್ ಕೂಡಿಸಿದ್ದು ಯಾರು ಎಂದು ಮರಾಠಿಯಲ್ಲಿ ಕೇಳಿದರು. ಹಾಸಿಗೆಯಿಂದ ಅಣ್ಣನೇ ಹೇಳಿದ: "ಮೀಚ್ ಕೇಲಂ ಸಾಹೇಬ್. ಚೂಕ್ ಮಾಝೀ." ಮಾಡಿದ್ದು ನಾನೇ, ತಪ್ಪು ನನ್ನದು ಎಂದು.

ಅವರು ಹೋದ ಮೇಲೆ ಅಣ್ಣನ ಕಾಲು ಹಿಡಿದು ಅತ್ತೆ.

"ಸುಮ್ನಿರೋ" ಎಂದ. "ನನ್ನ ಕೈಯಂತೂ ಹೋತು. ಇನ್ನ ಗ್ಯಾರೇಜ್ ನಡಸಾಂವ ನೀನ. ನಿನ್ನ ಹೆಸರೂ ಕೆಟ್ರ ಮನ್ಯಾಗಿನವ್ರು ಏನ್ ತಿನ್ನಬೇಕು?"

ನಾನು ಬೇಡವೆನ್ನಲಿಲ್ಲ. ಹೇಡಿ ನಾನು, ವೈನಿಗೂ ಇಂದಿನವರೆಗೆ ಹೇಳಿಲ್ಲ. ಗ್ಯಾರೇಜು ಚೆನ್ನಾಗಿ ನಡೆದಿದೆ. ಅಣ್ಣ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಮೊನ್ನೆ ಗಿರಾಕಿಯೊಬ್ಬ ಅವನ ಕಣ್ಣೆದುರೇ ನನಗೆ ಹೇಳಿದ: "ಕೆಲಸ ನೀವ ನಿಂತ ಮಾಡ್ರಿ. ಇವ್ರ ಮಾತ ಕೇಳಿ ಏನೂ ಕೂಡಸಬ್ಯಾಡ್ರಿ."

ನಾನು ತಲೆ ತಗ್ಗಿಸಿದೆ. ಅಣ್ಣ ನಕ್ಕು, "ಹೌದ್ರಿ, ನಮ್ಮ ತಮ್ಮ ಭಾಳ ಖಾತ್ರಿ ಮನಷ್ಯಾ" ಎಂದ.