ಅಳಿಯನ ಪಲ್ಟನ್, ಅಮ್ಮನ ಬಾಯಲ್ಲಿ

ಅಕ್ಕನ ಮಗ ಸೈನ್ಯಕ್ಕೆ ಸೇರುವ ತನಕ ಕನ್ನಡದಲ್ಲಿ ಒಂದು ಇಡೀ ವಾಕ್ಯ ಆಡಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಹುಟ್ಟಿ, ಅಲ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಬೆಳೆದ ಹುಡುಗ. ಶಾಲೆ ಮರಾಠಿ, ಗೆಳೆಯರು ಮರಾಠಿ, ಜಗಳವೂ ಮರಾಠಿಯಲ್ಲೇ. "ಊಟಕ್ಕೆ ಬಾ ಮಗಾ" ಎಂದು ನನ್ನ ಅಮ್ಮ ಬಾಲ್ಕನಿಯಿಂದ ಕೂಗಿದರೆ ಕೆಳಗಿನಿಂದ "ಆಲೋ ಅಜ್ಜೀ, ಆಲೋ" ಎಂದು ಉತ್ತರ ಬರುತ್ತಿತ್ತು. ಬರುತ್ತೇನೆ ಎನ್ನುವುದು ಮಾತ್ರ, ಬರುವುದು ಆಟ ಮುಗಿದ ಮೇಲೆ.

ಉಡುಪಿ ಕಡೆಯಿಂದ ಬಂದು ನೆಲೆಸಿದ ಮನೆಯಲ್ಲಿ ನಾವು ನಾಲ್ವರು. ಅಮ್ಮ, ಅಕ್ಕ, ಅವನು, ಮತ್ತು ಮದುವೆಯ ಯೋಗ ಕೂಡಿಬರದ ನಾನು. ಭಾವ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಅವರು ತೀರಿಕೊಂಡಾಗ ಅಳಿಯ ಇನ್ನೂ ಚಿಕ್ಕ ಹುಡುಗ. ಉತ್ತರಕ್ರಿಯೆ ಮುಗಿದ ಮರುವಾರವೇ ಅಕ್ಕ ಹೋಗಿ ಕ್ಯಾಂಟೀನಿನ ಬೀಗ ತೆಗೆದಳು. ನಾನು ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ಗೋದಾಮು ನೋಡಿಕೊಳ್ಳುವವನು. ಹಾಗಾಗಿ ಅಳಿಯ ದಿನದ ಹೆಚ್ಚು ಹೊತ್ತು ಅಮ್ಮನ ಕೈಯಲ್ಲೇ ಬೆಳೆದ.

ಕಾಲೇಜಿನ ಎರಡನೆಯ ವರ್ಷದಲ್ಲಿ ಅವನು ಯಾರಿಗೂ ಹೇಳದೆ ಸೈನ್ಯದ ಭರ್ತಿಗೆ ಹೋಗಿ ಓಟದ ಪರೀಕ್ಷೆ ಕೊಟ್ಟು ಬಂದ. ಆಯ್ಕೆಯೂ ಆಯಿತು. ಅಕ್ಕ ಎರಡು ದಿನ ಮಾತು ಬಿಟ್ಟಳು. ಆಮೇಲೆ ಅವಳೇ ಚಕ್ಕುಲಿ, ಬಾಳೆಹಣ್ಣಿನ ಹಲ್ವ ಮಾಡಿ ಡಬ್ಬಿಗಳಿಗೆ ತುಂಬಿದಳು. ಕಲ್ಯಾಣ ಸ್ಟೇಶನ್ನಿನಲ್ಲಿ ಅವನನ್ನು ರೈಲು ಹತ್ತಿಸಲು ಹೋದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿ ಅನ್ನ ಕೊಡ್ತಾರಾ, ಬರೀ ಚಪಾತಿಯಾ?"

ಅವನಿಗೆ ಸಿಕ್ಕಿದ ಪಲ್ಟನ್ ಹಳೆಯದು, ಕಂಪನಿ ಸರ್ಕಾರದ ಕಾಲದಲ್ಲಿ ಈ ಮುಂಬೈ ಸೀಮೆಯಲ್ಲೇ ಹುಟ್ಟಿದ್ದು. ಅದರಲ್ಲಿ ಮರಾಠಿ ಹುಡುಗರೇ ಹೆಚ್ಚು, ಜೊತೆಗೆ ಕನ್ನಡದವರೂ ಬಹಳ. ತರಬೇತಿ ಕೇಂದ್ರ ಘಟ್ಟದಾಚೆ, ಉತ್ತರ ಕರ್ನಾಟಕದ ಒಂದು ಊರಿನಲ್ಲಿತ್ತು. ತರಬೇತಿ ಮುಗಿಸಿ ಮೊದಲ ರಜೆಯಲ್ಲಿ ಬಂದವನು ಬಾಗಿಲಲ್ಲಿ ನಿಂತು, ಕೂದಲೇ ಇಲ್ಲದ ತಲೆ ಸವರಿಕೊಳ್ಳುತ್ತ, ದೊಡ್ಡ ದನಿಯಲ್ಲಿ ಹೇಳಿದ:

"ಅಜ್ಜೀ, ಹೆಂಗದಿ? ಆರಾಮ ಅದಿಯಿಲ್ಲೋ?"

ಅಮ್ಮ ಬೆಚ್ಚಿಬಿದ್ದರು. "ಅಯ್ಯೋ, ನಿನ್ನ ಬಾಯಿಗೆ ಎಂತ ಆಯ್ತು ಮಾರಾಯ? ಇದು ಯಾವ ಊರಿನ ಕನ್ನಡ?"

"ಪಲ್ಟನ್ ಕನ್ನಡ ಅಜ್ಜಿ. ನಮ್ಮ ಬ್ಯಾರಕಿನ್ಯಾಗ ಎಲ್ಲಾರೂ ಹಿಂಗ ಮಾತಾಡತಾರ."

ಇಪ್ಪತ್ತು ವರ್ಷ ನಾವು ಕಲಿಸಲಾಗದ ಕನ್ನಡವನ್ನು ಗೋಕಾಕ, ಬೈಲಹೊಂಗಲದ ಕಡೆಯ ಹುಡುಗರು ಒಂದು ವರ್ಷದೊಳಗೆ ಕಲಿಸಿ ಕಳಿಸಿದ್ದರು. ಅಮ್ಮನಿಗೆ ಅದರಲ್ಲಿ ಅರ್ಧವೂ ಅರ್ಥವಾಗುತ್ತಿರಲಿಲ್ಲ. ಆದರೂ ಅವನು ಬಾಯಿ ತೆರೆದಾಗಲೆಲ್ಲ ಮುಖ ಅರಳುತ್ತಿತ್ತು. "ಇನ್ನೊಮ್ಮೆ ಹೇಳು" ಎಂದು ಬೇಕೆಂದೇ ಕೇಳುತ್ತಿದ್ದರು.

ತರಬೇತಿ ಕೊಡುವ ಉಸ್ತಾದರು ಪಲ್ಟನ್ನಿನ ಚರಿತ್ರೆಯನ್ನೂ ಪಾಠದಂತೆ ಕಲಿಸುತ್ತಾರಂತೆ. ಅವನು ಅದನ್ನೆಲ್ಲ ಅಡುಗೆಮನೆಯ ಮೆಟ್ಟುಕತ್ತಿಯ ಪಕ್ಕ ಕೂತು ಅಮ್ಮನಿಗೆ ಹೇಳುತ್ತಿದ್ದ. ತೆಂಗಿನಕಾಯಿ ತುರಿಯುತ್ತ ಅವರು ಕೇಳುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಇರಾಕಿನ ಒಂದು ನದೀತೀರದ ಊರಿನಲ್ಲಿ ಶತ್ರುಗಳು ಸುತ್ತುಗಟ್ಟಿದಾಗ, ತಿಂಗಳುಗಟ್ಟಲೆ ಒಳಗೆ ಸಿಕ್ಕಿಬಿದ್ದ ಸೈನ್ಯದಲ್ಲಿ ಇವರ ಪಲ್ಟನ್ನಿನವರೂ ಇದ್ದರು. ಕಾಳುಕಡ್ಡಿ ಮುಗಿದು ಕೊನೆಗೆ ಹೇಸರಗತ್ತೆಗಳನ್ನು ಕೊಂದು ತಿನ್ನುವ ಸ್ಥಿತಿ ಬಂತು. ಎಷ್ಟೋ ಜನ ಅದನ್ನೂ ಬಾಯಿಗಿಡದೆ ಸೊರಗಿದರು. ಇದನ್ನು ಕೇಳಿದಾಗ ಅಮ್ಮ ತುರಿಯುವುದನ್ನು ನಿಲ್ಲಿಸಿಬಿಟ್ಟರು.

"ಅಷ್ಟು ಜನರಿಗೆ ಒಂದು ಗಂಜಿ ಕೂಡ ಇಲ್ಲವಾ?"

"ಇಲ್ಲ ಅಜ್ಜಿ."

"ನದಿಯಲ್ಲಿ ಮೀನಾದರೂ ಇರ್ಲಿಲ್ಲವಾ?"

"ಉಸ್ತಾದರನ್ನ ಕೇಳತೇನಿ" ಎಂದ. ನಿಜವಾಗಿಯೂ ಕೇಳಿದನಂತೆ. ಗುಂಡು ಹಾರುತ್ತಿರುವಾಗ ಗಾಳ ಹಾಕಿ ಕೂರುವವರು ಯಾರೆಂದು ಉಸ್ತಾದರು ಬೈದರಂತೆ.

ಇನ್ನೊಂದು ರಜೆಯಲ್ಲಿ ಅಮ್ಮನನ್ನೂ ನನ್ನನ್ನೂ ಠಾಣೆ ನಗರಕ್ಕೆ ಕರೆದುಕೊಂಡು ಹೋದ. ತಲಾವ್ ಎನ್ನುವ ಕೆರೆಯ ಹತ್ತಿರ ಕಬ್ಬಿನ ಹಾಲು ಕುಡಿದು, ರಿಕ್ಷಾದಲ್ಲಿ ಜೈಲಿನ ಗೋಡೆಯ ತನಕ ಹೋದೆವು. ಅದು ಮೊದಲು ಕೋಟೆಯಾಗಿತ್ತು ಎಂದು ನಾನು ಕೇಳಿ ಬಲ್ಲೆನೇ ಹೊರತು ಎಂದೂ ನಿಂತು ನೋಡಿರಲಿಲ್ಲ. ಅವನು ಗೋಡೆಗೆ ಎದುರಾಗಿ ನಿಂತು, ಕಂಪನಿಯ ಪಡೆ ಮರಾಠರಿಂದ ಈ ಕೋಟೆಯನ್ನು ಹೇಗೆ ಕಿತ್ತುಕೊಂಡಿತೆಂದು ಕೈ ಬೀಸಿ ಬೀಸಿ ವಿವರಿಸಿದ. ಗೇಟಿನ ಪೊಲೀಸನಿಗೆ ನಮ್ಮ ಮೇಲೆ ಸಂಶಯವೇ ಬಂತು.

"ಆಗ ನಮ್ಮವರು ಯಾರ ಕಡೆ ಇದ್ದದ್ದು?" ಅಮ್ಮ ಕೇಳಿದರು.

ಅವನು ಬೀಸುತ್ತಿದ್ದ ಕೈ ಇಳಿಸಿದ. "ಎರಡೂ ಕಡೆ ನಮ್ಮವರೇ ಅಜ್ಜಿ. ಒಳಗಿದ್ದವರೂ, ಹೊರಗಿದ್ದವರೂ."

ಈ ಮಾತನ್ನು ಮಾತ್ರ ಅವನು ಪಲ್ಟನ್ ಕನ್ನಡ ಬಿಟ್ಟು ನಮ್ಮ ಕನ್ನಡದಲ್ಲೇ ಹೇಳಿದ. ಅದು ಅವನಿಗೆ ಗೊತ್ತಾಗಲೂ ಇಲ್ಲ.

ಅವನು ಹೋದ ಮೇಲೆ ಈ ಕಥೆಗಳೆಲ್ಲ ಅಮ್ಮನ ಸ್ವಂತದ್ದಾದವು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಇರಾಕಿನ ಬಿಸಿಲು ಕಲ್ಯಾಣದ ಪ್ಲಾಟ್‌ಫಾರ್ಮಿನ ಮೇ ತಿಂಗಳ ಬಿಸಿಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ಪಲ್ಟನ್ ದಾಟಿದ ನದಿ ಸಮುದ್ರದ ಹಿನ್ನೀರು ತುಂಬಿದ ನಮ್ಮ ಖಾಡಿಯಷ್ಟು ಅಗಲವಾಯಿತು. ಪಲ್ಟನ್ನಿನ ಅಡುಗೆಯವನೊಬ್ಬ ಉಡುಪಿಯವನಾಗಿ ಹೊಸದಾಗಿ ಹುಟ್ಟಿಕೊಂಡ. "ಅವ ಯಾರಮ್ಮ?" ಎಂದು ನಾನು ಕೇಳಿದರೆ, "ಇರದೆ ಎಲ್ಲಿಗೆ ಹೋಗ್ತಾನೆ? ಅಡುಗೆ ಇರುವಲ್ಲಿ ನಮ್ಮವ ಒಬ್ಬ ಇದ್ದೇ ಇರ್ತಾನೆ" ಎನ್ನುತ್ತಿದ್ದರು.

ಅಳಿಯನಿಗೆ ಆಗ ಇಪ್ಪತ್ತೈದು ತುಂಬಿರಲಿಲ್ಲ. ಉತ್ತರದ ಗಡಿಯಲ್ಲಿ, ವರ್ಷವಿಡೀ ಹಿಮವಿರುವ ಎತ್ತರದ ಠಾಣ್ಯದಲ್ಲಿದ್ದ. ಒಂದು ಮಧ್ಯಾಹ್ನ ನಾನು ಗೋದಾಮಿನ ಅಂಗಳದಲ್ಲಿ ಲಾರಿಗೆ ಕಬ್ಬಿಣದ ಸರಳು ತುಂಬಿಸುತ್ತಿದ್ದೆ. ಸದ್ದಿನಲ್ಲಿ ಫೋನು ಸರಿಯಾಗಿ ಕೇಳಿಸಲಿಲ್ಲ. ಹಿಂದಿಯಲ್ಲಿ ಯಾರೋ ಬಹಳ ಮೆತ್ತಗೆ, ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. ಆ ಮರ್ಯಾದೆಯಿಂದಲೇ ನನಗೆ ವಿಷಯ ಗೊತ್ತಾಯಿತು. ಗಸ್ತಿಗೆ ಹೋದ ತಂಡದ ಮೇಲೆ ಹಿಮ ಕುಸಿದಿತ್ತು.

ಕಳಂಬೋಲಿಯಿಂದ ಡೊಂಬಿವಲಿಗೆ ಆ ದಿನ ಹೇಗೆ ಬಂದೆನೋ ನೆನಪಿಲ್ಲ. ಅಕ್ಕ ಕ್ಯಾಂಟೀನಿನಲ್ಲಿ ಸಂಜೆಯ ಪಾಳಿಯವರಿಗೆ ಬಟಾಟೆವಡೆ ಕರಿಯುತ್ತಿದ್ದಳು. ಆ ಹೊತ್ತಿನಲ್ಲಿ ನನ್ನನ್ನು ಕಂಡವಳೇ ಒಲೆ ಆರಿಸಿದಳು.

ಅವನನ್ನು ತ್ರಿವರ್ಣ ಹೊದಿಸಿ ತಂದರು. ಎಂಐಡಿಸಿಯ ರಸ್ತೆಯಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಅವನ ಜೊತೆ ಆಡಿದ ಹುಡುಗರು ಬರಿಗಾಲಲ್ಲಿ ಗಾಡಿಯ ಹಿಂದೆ ನಡೆದರು. ಕಾರ್ಖಾನೆಯ ಕೆಲಸಗಾರರು, ಅಕ್ಕನ ಕೈಯ ತಿಂಡಿ ತಿಂದವರು, ಕೆಲಸದ ಡ್ರೆಸ್ಸಿನಲ್ಲೇ ಬಂದು ಸಾಲಾಗಿ ನಿಂತಿದ್ದರು. ಗಾಳಿಯಲ್ಲಿ ಗುಂಡು ಹಾರಿಸಿದಾಗ ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಅಕ್ಕ ಅಲುಗಾಡಲಿಲ್ಲ. ಅಂದಿನಿಂದ ಅವಳು ಕೆಲಸಕ್ಕೆ ಬೇಕಾದಷ್ಟೇ ಮಾತು ಆಡತೊಡಗಿದಳು. ಅಮ್ಮನೂ ಕಥೆ ನಿಲ್ಲಿಸಿದರು. ಮನೆಯಲ್ಲಿ ಕುಕ್ಕರಿನ ಸೀಟಿಯೇ ದೊಡ್ಡ ಸದ್ದು.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ಬೆಲ್ ಆಯಿತು. ಬಾಗಿಲು ತೆರೆದರೆ ಕೋಲೂರಿಕೊಂಡ ಒಬ್ಬ ತರುಣ, ಕೈಯಲ್ಲಿ ಕರದಂಟಿನ ಪೊಟ್ಟಣ. ಹಿಮಗಡಿತದಿಂದ ಅವನ ಕಾಲಿನ ಬೆರಳುಗಳು ಹೋಗಿದ್ದವೆಂದು ಆಮೇಲೆ ತಿಳಿಯಿತು. ಬಾಗಿಲ ಹೊರಗೇ ನಿಂತು, "ಅವ್ವಾರ ಅದಾರೇನ್ರಿ? ನಾ ಗೋಕಾಕದಿಂದ ಬಂದೇನ್ರಿ. ಅಂವನ ದೋಸ್ತ" ಎಂದ.

ಒಳಗೆ ಅಮ್ಮ ತಟ್ಟನೆ ಎದ್ದು ಕೂತರು. ಅದೇ ಮಾತು, ಅದೇ ರಾಗ. ಅಕ್ಕ ಅಡುಗೆಮನೆಯಿಂದ ಹೊರಬಂದು ಕೈ ಒರೆಸಿಕೊಳ್ಳುತ್ತ ಅವನನ್ನೇ ನೋಡಿದಳು.

ಅವನು ಕೂರಲಿಲ್ಲ. ನಿಂತೇ ಹೇಳಿದ. "ಬರ್ಫ ಬಿದ್ದಾಗ ನಾ ಒಳಗ ಸಿಕ್ಕೊಂಡಿದ್ದೆರಿ. ಅಂವಾ ಹೊರಗ ಉಳದಿದ್ದ. ಕೈಲೆ ಅಗದು ನನ್ನ ಎಳದು ಹಾಕಿದ. ಇನ್ನೊಬ್ಬಾಂವ ಒಳಗ ಅದಾನಂತ ಮತ್ತ ತಿರಗಿ ಹೋದ. ಆವಾಗ ಮ್ಯಾಲಿಂದ ಮತ್ತೊಮ್ಮೆ ಬಂತ್ರಿ." ಅಷ್ಟು ಹೇಳಿ ತಲೆ ತಗ್ಗಿಸಿದ. "ನಾ ಬದುಕೀನಿ ಅಂತ ನಿಮ್ಮ ಮುಂದ ಬಂದ ನಿಲ್ಲಾಕ ಧೈರ್ಯ ಆಗಿರಲಿಲ್ಲರಿ, ಅವ್ವಾರ."

ಅಕ್ಕ ಅವನ ಕೈಯ ಪೊಟ್ಟಣ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಆಮೇಲೆ ಕೇಳಿದಳು: "ನಿನ್ನನ್ನು ಎಳೆಯುವಾಗ ಅವ ಎಂತಾದರೂ ಹೇಳಿದನಾ?"

ಅವನಿಗೆ ಹೇಳಲೋ ಬೇಡವೋ ಎಂದು ಸಂಕೋಚ. "ಹೇಳಿದ್ನ್ರಿ. 'ಎಷ್ಟ ಭಾರ ಅದೀಲೇ, ರೊಟ್ಟಿ ಕಡಿಮಿ ತಿನ್ನು' ಅಂದ."

ಅಕ್ಕನ ಬಾಯಿಂದ ನಗು ಹೊರಟಿತು. ಆ ನಗುವನ್ನು ಅವಳು ತಡೆಯಲೂ ಆಗದೆ, ಮುಗಿಸಲೂ ಆಗದೆ, ಗೋಡೆಗೆ ಒರಗಿ ಅತ್ತುಬಿಟ್ಟಳು. ಮಗ ಹೋದ ಮೇಲೆ ಅವಳು ದನಿ ತೆಗೆದು ಅತ್ತದ್ದು ಅಂದೇ. ಅತ್ತು ಮುಗಿದ ಮೇಲೆ ಮುಖ ತೊಳೆದು ಬಂದು, "ನೀನು ಬಂದದ್ದು ಒಳ್ಳೆಯದಾಯ್ತು. ಕಾಲು ನೋಯುವುದಿಲ್ಲವಾ? ಕೂತ್ಕೋ. ನೀರುದೋಸೆ ತಿಂತೀಯಾ?" ಎಂದಳು.

ಅವನು ತಿನ್ನುತ್ತಿರುವಾಗ ಅಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. ತಿಂಗಳುಗಳ ಮೌನದ ನಂತರ ಅವರು ಪಲ್ಟನ್ನಿನ ಚರಿತ್ರೆ ಶುರುಮಾಡಿದರು, ಅದೂ ಪಲ್ಟನ್ನಿನವನಿಗೇ. ಇರಾಕಿನ ಹಸಿವು ಬಂತು, ಖಾಡಿಯಷ್ಟು ಅಗಲದ ನದಿ ಬಂತು, ಉಡುಪಿಯ ಅಡುಗೆಯವನೂ ಬಂದ. ನಾನು ತಡೆಯಲು ಹೊರಟೆ. ಆ ಹುಡುಗ ಕಣ್ಣಿನಲ್ಲೇ ಬೇಡವೆಂದ. ತಟ್ಟೆಯಲ್ಲಿ ದೋಸೆ ಆರುತ್ತಿದ್ದರೂ ಕೊನೆಯ ತನಕ ಕೇಳಿದ.

"ಹಿಂಗ ನಮ್ಮ ಉಸ್ತಾದರೂ ಹೇಳಿಲ್ಲ ನೋಡ್ರಿ ಅಜ್ಜಿ" ಎಂದ.

"ಅವರಿಗೆ ಎಲ್ಲಿ ಪುರುಸೊತ್ತು?" ಎಂದರು ಅಮ್ಮ.

ಮರುವರ್ಷ ಪಲ್ಟನ್ನಿನವರು ತರಬೇತಿ ಕೇಂದ್ರದಲ್ಲಿರುವ ತಮ್ಮ ಸ್ಮಾರಕದ ಕಾರ್ಯಕ್ರಮಕ್ಕೆ ನಮ್ಮನ್ನು ಕರೆದರು. ಅಕ್ಕ ಮೊದಲು ಬರುವುದಿಲ್ಲವೆಂದಳು. ಗೋಕಾಕದ ಹುಡುಗ ಫೋನು ಮಾಡಿ, "ನೀವು ಬರ್ಲಿಕ್ಕಂದ್ರ ನಾನೂ ಹೋಗೂದಿಲ್ಲ" ಎಂದ ಮೇಲೆ ಒಪ್ಪಿದಳು. ಮೂವರೂ ಕಲ್ಯಾಣದಲ್ಲಿ ರೈಲು ಹತ್ತಿದೆವು. ಬೆಳಿಗ್ಗೆ ಸ್ಟೇಶನ್ನಿನಲ್ಲಿ ಅವನೇ ಜೀಪು ತಂದು ಕಾಯುತ್ತಿದ್ದ.

ಮೊದಲು ಸಂಗ್ರಹಾಲಯ ತೋರಿಸಿದರು. ಹಳೆಯ ಕೋವಿಗಳು, ಬಣ್ಣ ಮಾಸಿದ ಧ್ವಜಗಳು. ಒಂದು ಗೋಡೆಯಲ್ಲಿ ಮೂಳೆ ಎಣಿಸಬಹುದಾದಷ್ಟು ಬಡಕಲಾದ ಸಿಪಾಯಿಗಳ ಮಸುಕು ಚಿತ್ರವಿತ್ತು. ನಮ್ಮ ಜೊತೆಗಿದ್ದ ಯುವ ಅಧಿಕಾರಿ ವಿವರಿಸುವ ಮೊದಲೇ ಅಮ್ಮ ಅದರ ಮುಂದೆ ನಿಂತಿದ್ದರು. "ಇವರೇ ಅಲ್ಲವಾ?" ಎಂದು ಮೆಲ್ಲಗೆ ಕೇಳಿದರು. ಗೋಕಾಕದ ಹುಡುಗ ಹೌದೆಂದ. ಅಷ್ಟು ಕಾಲ ತಾವು ಕಥೆ ಹೇಳಿದ ಜನರನ್ನು ಅಮ್ಮ ಒಬ್ಬೊಬ್ಬರನ್ನಾಗಿ ನೋಡಿದರು. ಉಡುಪಿಯ ಅಡುಗೆಯವನನ್ನು ಅಲ್ಲಿ ಹುಡುಕಲಿಲ್ಲ.

ಸ್ಮಾರಕದ ಕಲ್ಲಿನಲ್ಲಿ ಅಳಿಯನ ಹೆಸರು ಹೊಸದಾಗಿತ್ತು, ಅಕ್ಷರಗಳು ಇನ್ನೂ ಬೆಳ್ಳಗೆ. ಅಕ್ಕ ಬೆರಳಿಂದ ಒಂದೊಂದು ಅಕ್ಷರವನ್ನೂ ಮುಟ್ಟಿದಳು. ಅಮ್ಮ ತಂದಿದ್ದ ಮಲ್ಲಿಗೆ ಮಾಲೆಯನ್ನು ಅವಳ ಕೈಗೆ ಕೊಡುವ ಬದಲು ಅಧಿಕಾರಿಯನ್ನು ಕೇಳಿದರು, "ಇವನ ಪಕ್ಕದಲ್ಲಿರುವವ ಯಾರು?"

ಅಮ್ಮನ ಪ್ರಶ್ನೆಯನ್ನು ನಾನು ಹಿಂದಿಯಲ್ಲಿ ಕೇಳಿದೆ. ಅಳಿಯ ಯಾರನ್ನು ಹುಡುಕಿ ಎರಡನೆಯ ಸಲ ಹೋಗಿದ್ದನೋ ಅವನ ಹೆಸರು ಅದು ಎಂದರು ಅಧಿಕಾರಿ. ಸಾಂಗ್ಲಿ ಕಡೆಯ ಹುಡುಗ. ಮನೆಯಲ್ಲಿ ತಂದೆ ಒಬ್ಬರೇ, ಪ್ರಯಾಣ ಮಾಡುವಷ್ಟು ಶಕ್ತಿ ಇಲ್ಲದ್ದರಿಂದ ಬಂದಿಲ್ಲ.

ಅಮ್ಮ ಮಾಲೆಯನ್ನು ಅಕ್ಕನಿಗೆ ಕೊಟ್ಟು, "ಇಬ್ಬರಿಗೂ ಸೇರಿಸಿ ಹಾಕು" ಎಂದರು. ಅಕ್ಕ ಎರಡು ಹೆಸರುಗಳನ್ನೂ ಸುತ್ತುವಂತೆ ಮಾಲೆ ಇಟ್ಟಳು. ಗೋಕಾಕದ ಹುಡುಗ ಕೋಲನ್ನು ನನ್ನ ಕೈಗೆ ಕೊಟ್ಟು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ.

ವಾಪಸು ಬರುವಾಗ ಅಕ್ಕ ನೇರ ಮನೆಗೆ ಬರಲಿಲ್ಲ. ಆ ಹುಡುಗನನ್ನು ಜೊತೆ ಮಾಡಿಕೊಂಡು ಸಾಂಗ್ಲಿಗೆ ಹೋದಳು. ಆ ಮುದುಕರ ಮನೆಯಲ್ಲಿ ಎರಡು ದಿನ ಇದ್ದು ಬಂದಳು. ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ, "ಮಾತೆಂತ? ಅವರ ಮಗನಿಗೆ ಹಾಗಲಕಾಯಿ ಇಷ್ಟ ಅಂತೆ. ಮಾಡಿ ಹಾಕಿದೆ. ಒಟ್ಟಿಗೆ ಕೂತು ಉಂಡೆವು" ಎಂದಳು.

ಈಗಲೂ ಅವಳು ಕ್ಯಾಂಟೀನು ನಡೆಸುತ್ತಾಳೆ. ಗೋಕಾಕದ ಹುಡುಗನಿಗೆ ಪಲ್ಟನ್ನಿನ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಕಳೆದ ವರ್ಷ ಮದುವೆಯಾದ. ಭಾನುವಾರಗಳಲ್ಲಿ ಅವನ ಫೋನು ಬರುತ್ತದೆ. ಹೋದ ವಾರ ಹೆಂಡತಿಯ ಹೆರಿಗೆಗೆ ರಜೆ ಕೇಳಲು ನಾಚಿಕೊಂಡು ಸುಮ್ಮನಿದ್ದಾನೆಂದು ತಿಳಿದು ಅಕ್ಕ ಕಿಟಕಿಯ ಹತ್ತಿರ ನಿಂತು ಗದರುತ್ತಿದ್ದಳು: "ನಾಚಿಕೆ ಎಂತದ್ದು ಮಾರಾಯ? ನಾಳೆಯೇ ಹೋಗಿ ಕೇಳು. ನಿನ್ನಿಂದ ಆಗದಿದ್ರೆ ಸಾಹೇಬರ ನಂಬರ್ ಕೊಡು, ನಾನೇ ಮಾತಾಡ್ತೇನೆ."