ಸಕ್ಕರೆ ದ್ರಾವಣದ ಬದಲು ಸಲೈನ್

ಹೊಸದುರ್ಗದ ಒಂದು ಸಣ್ಣ ಲ್ಯಾಬಿನಲ್ಲಿ ಜುಂಜಮ್ಮ ಹದಿಮೂರು ವರ್ಷದಿಂದ ರಕ್ತಕಣ ಎಣಿಸುತ್ತಿದ್ದಳು. ಅವಳು ಕೊಟ್ಟ ಲೆಕ್ಕವನ್ನು ಯಾವ ಡಾಕ್ಟರೂ ಅನುಮಾನಿಸುತ್ತಿರಲಿಲ್ಲ. ೧೯೯೩ರಲ್ಲಿ ಚಿತ್ರದುರ್ಗದಲ್ಲಿ ಟೆಕ್ನಿಷಿಯನ್ ಕೋರ್ಸ್ ಓದುವಾಗಲೂ ಅವಳೇ ಮೊದಲಿಗಳು. ಪಕ್ಕದಲ್ಲಿ ಕೂರುತ್ತಿದ್ದ ತುರುವನೂರಿನ ಚಿತ್ತಮ್ಮನಿಗೆ ಸೂಜಿ ಹಿಡಿಯುವುದನ್ನು ಕಲಿಸಿದ್ದು ಅವಳೇ. ಆಮೇಲೆ ಜುಂಜಮ್ಮ ಕೆಲಸಕ್ಕೆ ಸೇರಿದಳು. ಚಿತ್ತಮ್ಮ ಓದುತ್ತಲೇ ಹೋದಳು.

೨೦೦೭ರಲ್ಲಿ ಊರಿನ ಕಾಲೇಜೊಂದಕ್ಕೆ ತನ್ನ ಸಂಶೋಧನೆ ತೋರಿಸಲು ಬಂದ ಚಿತ್ತಮ್ಮ ಹಿಂದಿನ ದಿನವೇ ಲ್ಯಾಬಿಗೆ ಬಂದಳು.

"ನಾಳೆಗೆ ರಕ್ತ ನೀನೇ ತಯಾರು ಮಾಡ್ಬೇಕು ಕಣೇ. ಬೇರೆಯವರ ಕೈ ನಂಗೆ ನಂಬ್ಕೆ ಇಲ್ಲ," ಎಂದು ಉಗುರಗಲದ ಗಾಜಿನ ಚಿಪ್ ತೋರಿಸಿದಳು. ಅದರ ಮೇಲೆ ಕೂದಲಿಗಿಂತ ತೆಳುವಾದ ಲೋಹದ ಗೆರೆಗಳಿದ್ದವು. "ಈ ಗೆರೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ಕೊಳವೆ ಅವೆ. ಕರೆಂಟ್ ಕೊಟ್ರೆ ಅವುಗಳ ತುದೀಲಿ ವಿದ್ಯುತ್ ಕ್ಷೇತ್ರ ಜೋರಾಗ್ತೈತೆ. ರಕ್ತಕಣ ತಾವೇ ಬಂದು ಸಾಲಾಗಿ ನಿಲ್ತಾವೆ. ವೋಲ್ಟೇಜ್ ಇನ್ನೊಂಚೂರು ಏರಿಸಿದ್ರೆ ಒಡೀತಾವೆ. ಆದ್ರೆ ಕಣಗಳನ್ನ ಈ ಸಕ್ಕರೆ ದ್ರಾವಣದಾಗೇ ಕಲಸ್ಬೇಕು. ಉಪ್ಪಿನ ಅಂಶ ಇತ್ತೋ, ಚಿಪ್ ಸುಟ್ಟೋಗ್ತೈತೆ."

ಜುಂಜಮ್ಮ ತಲೆಯಾಡಿಸಿದಳು. ಕಣ್ಣು ನೋಯುವ ತನಕ ತಾನು ಎಣಿಸಿದ ಕಣಗಳು ಇವಳು ಗುಂಡಿ ಒತ್ತಿದರೆ ತಾವೇ ಸಾಲುಗಟ್ಟುತ್ತವಂತೆ! ಲ್ಯಾಬಿನ ಮಾಲೀಕರು ಚಿತ್ತಮ್ಮನನ್ನು ಕಂಡು ಎದ್ದುನಿಂತು "ಕುಂತ್ಕಳ್ರಿ ಮೇಡಂ" ಎಂದರು. ಹದಿಮೂರು ವರ್ಷದಲ್ಲಿ ಅವರು ಜುಂಜಮ್ಮನಿಗೆ ಒಮ್ಮೆಯೂ ಎದ್ದು ನಿಂತಿರಲಿಲ್ಲ.

ಮರುದಿನ ಅವಳು ತನ್ನದೇ ತೋಳಿನಿಂದ ರಕ್ತ ತೆಗೆದು, ಕಣಗಳನ್ನು ತೊಳೆದು, ಸಲೈನ್‌ನಲ್ಲಿ, ಅಂದರೆ ಉಪ್ಪುನೀರಿನಲ್ಲಿ ಕಲಸಿದಳು. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದಳು.

ಕಾಲೇಜಿನಲ್ಲಿ ಚಿತ್ತಮ್ಮ ಕರೆಂಟ್ ಹಾಯಿಸಿದೊಡನೆ ಸೂಕ್ಷ್ಮದರ್ಶಕದ ಚಿತ್ರ ಬೀಳುತ್ತಿದ್ದ ಪರದೆಯ ತುಂಬ ಗುಳ್ಳೆಗಳೆದ್ದವು. ಗೆರೆಗಳು ಕಪ್ಪಾದವು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಜುಂಜಮ್ಮನಿಗೆ ಒಂದು ಕ್ಷಣ ಹಾಯೆನಿಸಿತು.

"ಚಿಪ್ ಮಾಡೋವಾಗ ನಾನೇ ಎಲ್ಲೋ ತಪ್ಪಿದೀನಿ. ಕ್ಷಮಿಸ್ರಿ," ಎಂದಳು ಚಿತ್ತಮ್ಮ.

ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ ಜುಂಜಮ್ಮ ಅವಳ ಬಳಿ ಹೋದಳು. "ಸಲೈನ್ ಹಾಕಿದ್ದೆ ಕಣೇ."

"ಗೊತ್ತು. ಗುಳ್ಳೆ ಎದ್ದಾಗ್ಲೇ ಗೊತ್ತಾಯ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ ಕೆಲ್ಸ ಹೋಗ್ತಿತ್ತು. ಯಾಕೆ ಹಾಕ್ದೆ?"

"ಹೊಟ್ಟೆ ಉರೀತು."

ಚಿತ್ತಮ್ಮನ ಕಣ್ಣು ತುಂಬಿದವು. ಅವಳು ಚೀಲದಿಂದ ಇನ್ನೊಂದು ಚಿಪ್ ತೆಗೆದಳು. "ಉಳಿದಿರೋದು ಇದೊಂದೇ. ಈ ಸಲ ಸರಿಯಾಗಿ ಕಲಸಿಕೊಡು."

ಜುಂಜಮ್ಮ ಕಲಸಿಕೊಟ್ಟಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಅವಳ ರಕ್ತದ ಕಣಗಳು ನಾಲ್ಕು ಕಡೆಯಿಂದ ಸರಿದು ಬಂದು, ಗೆರೆಯುದ್ದಕ್ಕೂ ಒಂದರ ಪಕ್ಕ ಒಂದು ನಿಂತವು. ಚಿತ್ತಮ್ಮ ವೋಲ್ಟೇಜ್ ಏರಿಸಿದಳು. ಒಂದೊಂದೇ ಕಣ ಒಡೆದು, ಬಣ್ಣ ಬಿಟ್ಟು ಮಾಸಿಹೋಯಿತು. ಇಷ್ಟು ಚೆಂದದ್ದನ್ನು ತಾನು ಮಾಡಲಿಲ್ಲವಲ್ಲ ಎಂದು ಜುಂಜಮ್ಮನಿಗೆ ಮೊದಲಿಗಿಂತ ಹೆಚ್ಚು ಸಂಕಟವಾಯಿತು.

ಒಂದು ತಿಂಗಳ ನಂತರ ಅವಳು ಚಿತ್ತಮ್ಮನಿಗೆ ಪತ್ರ ಬರೆದಳು: ಮಲೇರಿಯಾ ಹಿಡಿದ ಕಣವೂ ಹೀಗೇ ಬಂದು ನಿಲ್ಲುತ್ತದೆಯೇ? "ಬಂದು ನೋಡು" ಎಂದು ಉತ್ತರ ಬಂತು. ಜುಂಜಮ್ಮ ರಜೆ ಹಾಕಿ ಚಿತ್ತಮ್ಮನ ಪ್ರಯೋಗಾಲಯದಲ್ಲಿ ನಾಲ್ಕು ದಿನ ಕಳೆದು ಬಂದಳು. ಮುಂದೆ ಪ್ರತಿ ವರ್ಷವೂ ಹೋದಳು. ಹೋದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಆದರೂ ಹೋಗುವುದನ್ನು ಬಿಡಲಿಲ್ಲ.